ರಾಯಭಾರ ಕಚೇರಿಗೆ ಫೋನು ಹಚ್ಚುವ ಮೊದಲು

ಯುಎಪಿಎಯಂಥ (ಭಯೋತ್ಪಾದನೆ ತಡೆಯ ಕಠಿಣ ಕಾಯ್ದೆ) ಕೇಸಿನಲ್ಲಿ ವಿದೇಶಿ ವಿದ್ಯಾರ್ಥಿಯೊಬ್ಬ ಸಿಕ್ಕಿಬಿದ್ದರೆ ಬೆಂಗಳೂರಿನಲ್ಲಿ ಆಗುವ ಎಡವಟ್ಟು ಹೆಚ್ಚುಕಡಿಮೆ ಒಂದೇ. ರೂಮ್‌ಮೇಟುಗಳು, ಪಿಜಿ ಓನರ್ ಎಲ್ಲ ಸೇರಿ ದೆಹಲಿಯ ರಾಯಭಾರ ಕಚೇರಿಗೆ ಫೋನು ಮಾಡುತ್ತ ಕೂರುತ್ತಾರೆ. ಇತ್ತ ವಕೀಲರೂ ದುಭಾಷಿಯೂ ಇಲ್ಲದೆ ರಿಮಾಂಡ್, ಅಂದರೆ ಮ್ಯಾಜಿಸ್ಟ್ರೇಟರು ಅವನನ್ನು ಕಸ್ಟಡಿಗೆ ಕಳಿಸುವ ಕಲಾಪ, ಮುಗಿದಿರುತ್ತದೆ. ಆರ್ಡರ್ ಶೀಟಿನಲ್ಲಿ 'ಆರೋಪಿ ಯಾವುದೇ ದೂರು ಹೇಳಿಲ್ಲ' ಎಂಬ ಸಾಲು ಬಿದ್ದಿರುತ್ತದೆ. ಆ ಸಾಲನ್ನು ಅಳಿಸುವುದು ಆಮೇಲೆ ಬಲು ಕಷ್ಟ.

ರಾಯಭಾರಿಯವರು ಬಂದು ವಾದ ಮಾಡುವುದಿಲ್ಲ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ ತನ್ನ ದೇಶದ ಕಾನ್ಸುಲೇಟನ್ನು ಸಂಪರ್ಕಿಸುವ ಹಕ್ಕು ಇದೆಯೆಂದು ಪೊಲೀಸರು ಬಂಧಿತನಿಗೆ ತಿಳಿಸಬೇಕು. ಅವನು ಕೇಳಿದರೆ ಕಾನ್ಸುಲೇಟಿಗೆ ಸುದ್ದಿ ಮುಟ್ಟಿಸಬೇಕು. 2019ರ ಜುಲೈ 17ರಂದು ಪಾಕಿಸ್ತಾನ ಬಂಧಿಸಿದ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಭಾರತ ಗೆದ್ದಿದ್ದೂ ಇದೇ ವಿಧಿಯ ಮೇಲೆ. ಆದರೆ 'ಅವನು ಕೇಳಿದರೆ' ಎಂಬುದನ್ನು ಮರೆಯಬೇಡಿ. ಸ್ವಂತ ಸರ್ಕಾರಕ್ಕೇ ಹೆದರಿ ಬಂದವನ ಪರವಾಗಿ ನೀವಾಗಿಯೇ ಫೋನು ಮಾಡಿದರೆ ಊರಲ್ಲಿರುವ ಅವನ ಮನೆಯವರಿಗೆ ಕುತ್ತು.

ಮೊದಲು ಬೇಕಾದದ್ದು ವಕೀಲರು. ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಕಸ್ಟಡಿಯಲ್ಲಿರುವವನಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ, ಪರದೇಶದವನಾದರೂ ಸರಿ. ಠಾಣೆ ಬಾಗಿಲಲ್ಲಿ 'ನಾನು ಲಾಯರ್ ಕೊಡಿಸ್ತೀನಿ' ಅನ್ನುವವರ ಕೈಗೆ ಸಹಿ ಮಾಡಿದ ಖಾಲಿ ವಕಾಲತ್ತು (ವಕೀಲರನ್ನು ನೇಮಿಸುವ ಪತ್ರ) ಕೊಡಬೇಡಿ.

ವಕೀಲರು ಮೊದಲು ಕೇಳಬೇಕಾದದ್ದು ಬಂಧನದ ಆಧಾರಗಳ ಪ್ರತಿ. ಸಂವಿಧಾನದ 22ನೇ ವಿಧಿ 'ಪ್ರಜೆ' ಅನ್ನುವುದಿಲ್ಲ, 'ವ್ಯಕ್ತಿ' ಅನ್ನುತ್ತದೆ. ಆಧಾರಗಳನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ರಿಮಾಂಡಿಗೆ ಕನಿಷ್ಠ 2 ಗಂಟೆ ಮೊದಲು ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಹೇಳಿದೆ. 'ಸಾಕ್ಷ್ಯನಾಶ ತಡೆಯಲು' ಎಂಬ ಅಚ್ಚು ಹಾಕಿದ ಸಾಲು ಆಧಾರವಾಗದು. ಇವನು ಏನು ಮಾಡಿದ ಎಂಬುದು ಅದರಲ್ಲಿರಬೇಕು. ಕನ್ನಡದಲ್ಲಿರುವ ಬಂಧನದ ಮೆಮೊಗೆ ಫ್ರೆಂಚ್ ಮಾತ್ರ ಬಲ್ಲವನ ಸಹಿ ಹಾಕಿಸಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅಲ್ಲೇ ಬಾಯಿಬಿಟ್ಟು ಹೇಳಿ, ಬರೆಸಿ. ಅಂದಹಾಗೆ, ತನಿಖೆಯಲ್ಲಿ ಪೊಲೀಸರಿಗೆ ಕೊಡುವ ಹೇಳಿಕೆಗೆ ಆರೋಪಿಯ ಸಹಿ ಬೇಕಿಲ್ಲ.

ಯುಎಪಿಎಯಲ್ಲಿ ಜಾಮೀನು ಮೊದಲೇ ಕಷ್ಟ. ಅಕ್ರಮವಾಗಿ ದೇಶದೊಳಗೆ ಬಂದ ವಿದೇಶಿಯಾದರೆ ಆ ಕಾಯ್ದೆಯ 43ಡಿ(7) ಕಲಮಿನ ಪ್ರಕಾರ ತೀರಾ ಅಸಾಧಾರಣ ಸಂದರ್ಭ ಬಿಟ್ಟು ಜಾಮೀನೇ ಇಲ್ಲ. ಪಾಸ್‌ಪೋರ್ಟ್ ಜಪ್ತಿಯಾಗಿರುತ್ತದೆ; ಹಾಗಾಗಿ ಅವನು ಸಕ್ರಮವಾಗಿ ಬಂದವನೆಂದು ತೋರಿಸಲು ವೀಸಾ ಪ್ರತಿ, ವಿದೇಶಿ ತಂಗಿದ್ದಾನೆಂದು ಪಿಜಿಯವರು ಸಲ್ಲಿಸಿದ ಫಾರ್ಮ್ (ಹಿಂದಿನ ಹೆಸರು ಫಾರ್ಮ್ ಸಿ), ಕಾಲೇಜಿನ ದಾಖಲೆಗಳನ್ನು ಅದೇ ದಿನ ಒಟ್ಟುಮಾಡಿ. ಚಾರ್ಜ್‌ಶೀಟ್ ಗಡುವು 90 ದಿನ, ಕೋರ್ಟ್ ವಿಸ್ತರಿಸಿದರೆ 180. ರಿಮಾಂಡ್ ದಿನವನ್ನೇ ಒಂದು ಎಂದು ಎಣಿಸಿ, ಗಡುವು ಮುಗಿದ ಮರುದಿನ ಕೋರ್ಟ್ ತೆರೆಯುತ್ತಿದ್ದಂತೆ ಡಿಫಾಲ್ಟ್ ಜಾಮೀನಿಗೆ (ಗಡುವಿನೊಳಗೆ ಚಾರ್ಜ್‌ಶೀಟ್ ಬಾರದ್ದಕ್ಕೆ ಸಿಗುವ ಜಾಮೀನು) ಅರ್ಜಿ ಹಾಕಿ. ಮಧ್ಯಾಹ್ನಕ್ಕೆ ಚಾರ್ಜ್‌ಶೀಟ್ ಬಂದು, ನಿಮ್ಮ ಅರ್ಜಿ ಇನ್ನೂ ಬ್ಯಾಗಿನಲ್ಲೇ ಇದ್ದರೆ ಹಕ್ಕು ಹೋಯಿತು.

ಆರೋಪಿ ದೇಶ ಬಿಟ್ಟು ಹೋಗುವುದಿಲ್ಲವೆಂದು ರಾಯಭಾರ ಕಚೇರಿಯ ಭರವಸೆ ಪತ್ರ ತನ್ನಿ ಎಂಬ ಷರತ್ತು ಜಾಮೀನಿಗೆ ಬಿದ್ದರೆ ಸುಪ್ರೀಂ ಕೋರ್ಟಿನ 2024ರ ಜುಲೈ 8ರ ಫ್ರಾಂಕ್ ವಿಟಸ್ ತೀರ್ಪು ತೋರಿಸಿ. ಪತ್ರ ಕೊಡುವುದು ಬಿಡುವುದು ಆರೋಪಿಯ ಕೈಯಲ್ಲಿಲ್ಲ.

ಜಾಮೀನು ಸಿಕ್ಕಿತೆಂದು ಪರಪ್ಪನ ಅಗ್ರಹಾರದ ಗೇಟಿನಲ್ಲಿ ಟ್ಯಾಕ್ಸಿ ನಿಲ್ಲಿಸಿಕೊಂಡು ಕಾಯುತ್ತಾರೆ. ಅಷ್ಟರಲ್ಲಿ ವೀಸಾ ಮುಗಿದಿದ್ದರೆ ಅವನು ಸೀದಾ ನೆಲಮಂಗಲದ ಬಳಿಯ ಸೊಂಡೆಕೊಪ್ಪದ, ವಿದೇಶಿಯರನ್ನು ಕೂಡಿಡುವ ಕೇಂದ್ರಕ್ಕೆ ಹೋಗಬಹುದು. ವೀಸಾ ಗಡುವಿಗೆ ಮೊದಲೇ ವಿಸ್ತರಣೆಗೆ ಆನ್‌ಲೈನ್ ಅರ್ಜಿ ಹಾಕಿ, ಆ ಸ್ವೀಕೃತಿಯನ್ನೂ ಜಾಮೀನು ಆದೇಶವನ್ನೂ ಹಿಡಿದು ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ, ವಿದೇಶಿಯರ ನೋಂದಣಿಯ ಎಫ್‌ಆರ್‌ಆರ್‌ಓ ಕಚೇರಿಗೆ ವಕೀಲರು ಬಿಡುಗಡೆಗೆ ಮುಂಚೆಯೇ ಹೋಗಿಬರಬೇಕು.