ಹಳೇ ಮನೆ ಮಾರುವವರ ಬಚ್ಚಲಿಗೆ ಎಪಾಕ್ಸಿ ಗ್ರೌಟ್: ಯಾರಿಗೆ ಬೇಕು, ಯಾರಿಗೆ ಬೇಡ

ಮೊದಲೇ ಹೇಳಿಬಿಡುತ್ತೇನೆ, ಟೈಲ್ಸ್ ಸಂದಿಗೆ ತುಂಬುವ ಈ ಎಪಾಕ್ಸಿ ಗ್ರೌಟ್ ಒಳ್ಳೆಯ ಮಾಲು. ಐದಕ್ಕೆ ನಾಲ್ಕು ಕೊಡುತ್ತೇನೆ. ಆದರೆ ಎಲ್ಲಾ ಹಳೇ ಮನೆಗೂ ಅಲ್ಲ. ಕೆಲವು ಅಂಗಡಿಯವರು ಹೇಳುವ ಹಾಗೆ ಸೋರುವ ಬಚ್ಚಲಿಗೆ ಇದು ಔಷಧಿಯಂತೂ ಖಂಡಿತ ಅಲ್ಲ.

ನಾನೂ ನಮ್ಮ ಭಾವನೂ ಸೇರಿ ಮೈಸೂರಿನಲ್ಲಿ ಹಳೇ ಮನೆ ಕೊಂಡು, ಆದಷ್ಟು ನಾವೇ ಕೈ ಹಾಕಿ ರಿಪೇರಿ ಮಾಡಿ ಮಾರುತ್ತೇವೆ. ದೊಡ್ಡ ವ್ಯಾಪಾರವೇನೂ ಅಲ್ಲ, ಒಂದು ಮನೆ ಕೈಬಿಟ್ಟ ಮೇಲೇ ಇನ್ನೊಂದು. ಕುವೆಂಪುನಗರ, ಸರಸ್ವತಿಪುರಂ ಕಡೆಯ ಮೂವತ್ತು ನಲವತ್ತು ವರ್ಷದ ಮನೆಗಳಲ್ಲಿ ಗೋಡೆ ಗಟ್ಟಿ ಇರುತ್ತದೆ, ತೇಗದ ಬಾಗಿಲು ಗಟ್ಟಿ ಇರುತ್ತದೆ, ರೆಡ್ ಆಕ್ಸೈಡ್ ನೆಲ ಸ್ವಲ್ಪ ಉಜ್ಜಿದರೆ ಇವತ್ತಿಗೂ ಹೊಳೆಯುತ್ತದೆ. ಮಾನ ಕಳೆಯುವುದು ಬಚ್ಚಲುಮನೆ ಒಂದೇ.

ಮನೆ ನೋಡಲು ಬಂದವರು ಹಾಲ್‌ನ ಪೇಂಟ್ ನೋಡಿ ಮರುಳಾಗುವುದಿಲ್ಲ. ಮಾರುವ ಮುಂಚೆ ಎಲ್ಲರೂ ಬಣ್ಣ ಹೊಡೆಸುತ್ತಾರೆ ಅಂತ ಅವರಿಗೂ ಗೊತ್ತು. ಜೊತೆಗೆ ಕರೆತಂದ ಮೇಸ್ತ್ರಿ ಸೀದಾ ಬೆಡ್‌ರೂಮಿಗೆ ಹೋಗಿ, ಬಚ್ಚಲಿಗೆ ಅಂಟಿದ ಗೋಡೆಯನ್ನು ಅಂಗೈಯಿಂದ ಸವರಿ ಶೀತ ಇದೆಯಾ ಅಂತ ನೋಡುತ್ತಾನೆ. ಆಮೇಲೆ ಬಚ್ಚಲಿಗೆ ಬಂದು ಟೈಲ್ಸ್ ಸಂದು ನೋಡುತ್ತಾನೆ. ಕೊಳ್ಳುವವರ ಮೇಲೂ ಭಾರ ಕಮ್ಮಿ ಇಲ್ಲ. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕವೇ ಶೇ 5, ಅದರ ಮೇಲೆ ಸೆಸ್ಸು ಬೇರೆ. ಶೇ 1 ಇದ್ದ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಇಷ್ಟೆಲ್ಲಾ ಕಟ್ಟಬೇಕಾದವರು ಎಲ್ಲಿ ರೇಟು ಇಳಿಸಬಹುದು ಅಂತ ಹುಡುಕುವುದು ಸಹಜ ಅಲ್ವಾ? ಕಪ್ಪಗಾದ ಸಂದು ಕಂಡರೆ ಸಾಕು, ‘ಈ ಬಚ್ಚಲು ಪೂರ್ತಿ ಒಡೆಸಬೇಕು ಸಾರ್, ಅದಕ್ಕೊಂದಿಷ್ಟು ಕಮ್ಮಿ ಮಾಡಿ’ ಅಂತ ಶುರು ಮಾಡುತ್ತಾರೆ. ಟೈಲ್ಸ್ ಒಂದೂ ಒಡೆದಿರುವುದಿಲ್ಲ, ಕೆಟ್ಟಿರುವುದು ಸಂದು ಮಾತ್ರ. ಆದರೂ ಚೌಕಾಸಿ ಅಲ್ಲಿಂದಲೇ.

ಈ ಸಂದು ಕೆಡುವುದಕ್ಕೆ ಮುಖ್ಯ ಕಾರಣ ಆಸಿಡ್. ಬೋರ್ ನೀರಿನ ಉಪ್ಪು ಟೈಲ್ಸ್ ಮೇಲೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ, ಅದನ್ನು ತೆಗೆಯಲು ವಾರಕ್ಕೊಮ್ಮೆ ಆಸಿಡ್ ಸುರಿದು ಪೊರಕೆಯಲ್ಲಿ ತಿಕ್ಕುತ್ತಾರೆ. ಆಸಿಡ್ ಉಪ್ಪನ್ನು ತಿನ್ನುವ ಹಾಗೆಯೇ ಸಿಮೆಂಟನ್ನೂ ತಿನ್ನುತ್ತದೆ. ಸಂದಿನಲ್ಲಿರುವ ಬಿಳಿ ಸಿಮೆಂಟ್ ವರ್ಷವರ್ಷವೂ ಸವೆದು ಗುಳಿ ಬೀಳುತ್ತದೆ, ಆ ಗುಳಿಯಲ್ಲಿ ನೀರು ನಿಲ್ಲುತ್ತದೆ, ಪಾಚಿ ಬರುತ್ತದೆ, ಮತ್ತೆ ಆಸಿಡ್. (ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಮಾತ್ರ ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.) ಕೆಟ್ಟ ಸಂದಿಗೆ ಮತ್ತೆ ಬಿಳಿ ಸಿಮೆಂಟೇ ತುಂಬಿದರೆ ಮನೆ ತೋರಿಸುವಷ್ಟು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ.

ಎಪಾಕ್ಸಿಯಲ್ಲಿ ಸಿಮೆಂಟೇ ಇಲ್ಲ. ಅಂಟಿನಂಥ ರೆಸಿನ್ ಒಂದು, ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಒಂದು, ಬಣ್ಣದ ಪುಡಿ ಒಂದು, ಹೀಗೆ ಮೂರು ಪೊಟ್ಟಣ ಬರುತ್ತವೆ. ಗಟ್ಟಿಯಾದ ಮೇಲೆ ನೀರು ಹೀರುವುದಿಲ್ಲ, ಬಚ್ಚಲು ತೊಳೆಯುವ ಆಸಿಡ್‌ಗೆ ಸುಲಭವಾಗಿ ಜಗ್ಗುವುದಿಲ್ಲ, ಅರಿಶಿನ, ಎಣ್ಣೆ, ಸೀಗೆಪುಡಿ ಕಲೆಯೂ ಒಳಗೆ ಇಳಿಯುವುದಿಲ್ಲ. ರಾಫ್, ಎಂ.ವೈ.ಕೆ. ಲ್ಯಾಟಿಕ್ರೀಟ್ ಹೀಗೆ ಹಲವು ಕಂಪನಿಗಳ ಮಾಲು ಸಿಗುತ್ತದೆ. ನನ್ನ ಅನುಭವದಲ್ಲಿ ಯಾವ ಕಂಪನಿ ಅನ್ನುವುದಕ್ಕಿಂತ ಹಾಕುವ ಕೈ ಮುಖ್ಯ, ಅದಕ್ಕೇ ಇಲ್ಲಿ ಕಂಪನಿಗೆ ಕಂಪನಿ ಹೋಲಿಸಲು ಹೋಗುವುದಿಲ್ಲ.

ಈಗ ಕೆಲಸದ ವಿಷಯ. ನಿಜವಾದ ಶ್ರಮ ಗ್ರೌಟ್ ತುಂಬುವುದರಲ್ಲಿಲ್ಲ, ಹಳೇದನ್ನು ಕೆರೆದು ತೆಗೆಯುವುದರಲ್ಲಿದೆ. ಕಡೇ ಪಕ್ಷ 3 ಮಿಲಿಮೀಟರ್ ಆಳಕ್ಕೆ ಸಂದು ಖಾಲಿ ಮಾಡಬೇಕು. ಹಳೇ ಸಿಮೆಂಟ್ ಮೇಲೇ ತೆಳ್ಳಗೆ ಬಳಿದರೆ ಸಿಪ್ಪೆ ಎದ್ದ ಹಾಗೆ ಎದ್ದುಬರುತ್ತದೆ. ನಾವು ಕೊಂಡ ಒಂದು ಮನೆಯಲ್ಲಿ ಹಿಂದಿನವರು ಯಾವುದೋ ಕಂಟ್ರಾಕ್ಟರ್ ಕೈಲಿ ಹಾಗೇ ಬಳಿಸಿದ್ದರು, ಉಗುರಲ್ಲಿ ಕಿತ್ತರೆ ಪಟ್ಟಿಪಟ್ಟಿಯಾಗಿ ಕೈಗೆ ಬಂತು. ಕೆರೆಯಲು ಗ್ರೌಟ್ ತೆಗೆಯುವ ಕೈಗರಗಸ ಸಿಗುತ್ತದೆ, ಅಗ್ಗ, ಆದರೆ ಒಂದು ಬಚ್ಚಲು ಮುಗಿಯುವಷ್ಟರಲ್ಲಿ ಭುಜ ಸೋತುಹೋಗುತ್ತದೆ. ಬ್ಲೇಡನ್ನು ಅತ್ತಿತ್ತ ಅದುರಿಸಿ ಕೆರೆಯುವ ಕರೆಂಟ್ ಮಷಿನ್, ಆಸಿಲೇಟಿಂಗ್ ಟೂಲ್, ಇದ್ದರೆ ಪುಣ್ಯ. ಕಟಿಂಗ್ ಮಷಿನ್ ಹಿಡಿಯುವ ಧೈರ್ಯ ಕೈ ಪಳಗಿದವರಿಗೆ ಮಾತ್ರ, ಅರೆಗಳಿಗೆ ಕೈ ಜಾರಿದರೂ ಟೈಲ್ಸ್ ಅಂಚಿನ ಗ್ಲೇಜ್ ಹಾರಿಹೋಗುತ್ತದೆ, ಅದೇ ಬಣ್ಣದ ಹಳೇ ಟೈಲ್ಸ್ ಈಗ ಎಲ್ಲಿ ಹುಡುಕುತ್ತೀರಿ?

ಕೆರೆದ ಮೇಲೆ ತೊಳೆದು, ಪೂರ್ತಿ ಒಣಗಲು ಬಿಡಬೇಕು. ಇಲ್ಲೊಂದು ನಮ್ಮ ಕಡೆಯದೇ ತೊಡಕು ಇದೆ. ಆಷಾಢದಲ್ಲಿ ಮನೆ ಕೊಳ್ಳುವವರು ಕಮ್ಮಿ, ಹಾಗಾಗಿ ರಿಪೇರಿಯೆಲ್ಲ ಆಗಲೇ ಇಟ್ಟುಕೊಳ್ಳೋಣ, ಶ್ರಾವಣಕ್ಕೆ ತೋರಿಸೋಣ ಅನ್ನುವುದು ಎಲ್ಲರ ಲೆಕ್ಕ. ಆದರೆ ಆಷಾಢ ಅಂದರೆ ಮಳೆ, ಗಾಳಿಯೆಲ್ಲ ತೇವ, ಸಂದು ಒಣಗುವುದೇ ಇಲ್ಲ. ಒದ್ದೆ ಸಂದಿಗೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ. ಫ್ಯಾನ್ ಇಟ್ಟು, ನಲ್ಲಿ ಬಂದ್ ಮಾಡಿ, ಎರಡು ಮೂರು ದಿನ ಆ ಬಚ್ಚಲಿಗೆ ಯಾರೂ ಕಾಲಿಡದ ಹಾಗೆ ನೋಡಿಕೊಂಡರೆ ಪರವಾಗಿಲ್ಲ. ಆದರೆ ಬಚ್ಚಲಿನ ಕೆಲಸ ಏಪ್ರಿಲ್ ಮೇನಲ್ಲೇ ಮುಗಿಸಿ, ಒಳಗಿನ ಪೇಂಟ್ ಬೇಕಾದರೆ ಆಷಾಢಕ್ಕೆ ಇಟ್ಟುಕೊಳ್ಳಿ ಅಂತಲೇ ನಾನು ಹೇಳುವುದು.

ಕಲಸುವಾಗ ಮೊದಲು ರೆಸಿನ್ ಮತ್ತು ಹಾರ್ಡ್ನರ್ ಪೂರ್ತಿ ಬೆರೆಯಬೇಕು, ಆಮೇಲೆ ಪುಡಿ. ಕಣ್ಣಳತೆಯಲ್ಲಿ ಹಾರ್ಡ್ನರ್ ಹಾಕುವುದು ಬೇಡ, ಕಮ್ಮಿ ಆದರೆ ಎಂದಿಗೂ ಗಟ್ಟಿಯಾಗದೆ ಅಂಟಂಟಾಗೇ ಉಳಿಯುತ್ತದೆ. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೂ ಕೆಡುತ್ತದೆ. ಬೆರೆಸಿದ ಗಳಿಗೆಯಿಂದ ಗಡಿಯಾರ ಓಡುತ್ತದೆ. ಈ ಬೆರಕೆ ತಾನೇ ಬಿಸಿಯಾಗುತ್ತದೆ, ಬಕೆಟ್ಟಿನಲ್ಲಿ ಗುಡ್ಡೆಯಾಗಿ ಬಿಟ್ಟರೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಬೇಸಿಗೆಯಲ್ಲಂತೂ ಕೇಳಲೇಬೇಡಿ. ಸ್ವಲ್ಪಸ್ವಲ್ಪವೇ ಕಲಸಿ, ರಬ್ಬರ್ ಕರಣೆಯಲ್ಲಿ ಸಂದಿಗೆ ಅಡ್ಡವಾಗಿ, ಓರೆಯಾಗಿ ಒತ್ತಿ ಎಳೆಯಬೇಕು. ಸಂದಿನ ಉದ್ದಕ್ಕೇ ಎಳೆದರೆ ತುಂಬಿದ್ದು ಕರಣೆಯ ಜೊತೆ ಎದ್ದು ಬಂದುಬಿಡುತ್ತದೆ.

ಕೈಯಾರೆ ಮಾಡುವವರು ಸೋಲುವುದು ಒರೆಸುವುದರಲ್ಲಿ. ಸಿಮೆಂಟ್ ಗ್ರೌಟ್ ಆದರೆ ಊಟ ಮಾಡಿಕೊಂಡು ಬಂದು ಒರೆಸಬಹುದು, ಎಪಾಕ್ಸಿಗೆ ಆ ಸಮಾಧಾನ ಇಲ್ಲ. ಒಬ್ಬರು ತುಂಬುತ್ತಾ ಹೋದರೆ ಇನ್ನೊಬ್ಬರು ಹಿಂದೆಯೇ ಒದ್ದೆ ಸ್ಪಂಜಲ್ಲಿ ಒರೆಸುತ್ತಾ ಬರಬೇಕು. ನಾನು ತುಂಬುತ್ತೇನೆ, ಭಾವ ಒರೆಸುತ್ತಾರೆ, ಯಾರ ಕೆಲಸ ಕಷ್ಟ ಅನ್ನುವ ಜಗಳ ಪ್ರತಿ ಮನೆಯಲ್ಲೂ ಇದ್ದದ್ದೇ. ಮೊದಲ ಸಲ ಒರೆಸಿದ ಮೇಲೆ ಟೈಲ್ಸ್ ಮೇಲೆ ಮಬ್ಬಾದ ಪೊರೆ ಉಳಿಯುತ್ತದೆ. ಅದು ಒಣಗುವ ಮುಂಚೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಇನ್ನೊಂದು ಸಲ ಒರೆಸಬೇಕು, ನೀರನ್ನು ಆಗಾಗ ಬದಲಾಯಿಸಬೇಕು. ಬಿಟ್ಟರೆ ಮಾರನೇ ದಿನ ಬ್ಲೇಡಲ್ಲಿ ಕೆರೆಯುತ್ತಾ ಕೂರಬೇಕಾಗುತ್ತದೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಹಾರ್ಡ್ನರ್ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಕೆಲಸ ಮುಗಿದ ಮೇಲೆ ಒಂದು ದಿನ ಓಡಾಟ ಬೇಡ. ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು, ಅಲ್ಲಿಯವರೆಗೆ ಆಸಿಡ್ ಬಾಟಲಿ ಎತ್ತಿಡಿ.

ನಾವು ತಂದ ಒಂದು ಡಬ್ಬದ ಮೇಲೆ ಈ ಸೂಚನೆಗಳೆಲ್ಲಾ ಇರುವೆ ಗಾತ್ರದ ಅಕ್ಷರದಲ್ಲಿ, ಇಂಗ್ಲಿಷು ಹಿಂದಿಯಲ್ಲಿ ಮಾತ್ರ ಇದ್ದವು. ಈ ಕೆಲಸ ಮಾಡುವ ನಮ್ಮೂರಿನ ಹುಡುಗರು ಓದುವುದು ಕನ್ನಡ. ಒಂದು ಚೀಟಿ ಕನ್ನಡದಲ್ಲಿ ಹಾಕಲು ಏನು ಕಷ್ಟ? ಒಂದು ಅಂಕ ಕತ್ತರಿಸಿದ್ದರಲ್ಲಿ ಇದರ ಪಾಲೂ ಇದೆ.

ಎಷ್ಟು ಬೇಕು? 5ಕ್ಕೆ 7 ಅಡಿಯ ಬಚ್ಚಲು, ನೆಲಕ್ಕೆ 8 ಇಂಚಿನ ಚೌಕದ ಟೈಲ್ಸ್, ಗೋಡೆಗೆ 8ಕ್ಕೆ 12ರ ಟೈಲ್ಸ್ 7 ಅಡಿ ಎತ್ತರಕ್ಕೆ, ಸಂದು 2ರಿಂದ 3 ಮಿಲಿಮೀಟರ್ ಅಂತ ಇಟ್ಟುಕೊಂಡರೆ, ವೇಸ್ಟ್ ಸೇರಿ ಸುಮಾರು ಎರಡೂವರೆ ಕೆಜಿ. ಟೈಲ್ಸ್ ಚಿಕ್ಕದಾದಷ್ಟೂ ಸಂದು ಜಾಸ್ತಿ, ಮಾಲೂ ಜಾಸ್ತಿ. ಎಪಾಕ್ಸಿ ಕೆಜಿಗೆ ಸಿಮೆಂಟ್ ಗ್ರೌಟಿನ ಹಲವು ಪಟ್ಟು ಬೆಲೆ, ಮಾರುವ ಮನೆಗೆ ಸುಮ್ನೆ ಸುರಿಯುವ ಹಾಗಿಲ್ಲ. ಅದಕ್ಕೇ ನಾವು ನೆಲಕ್ಕೂ, ಗೋಡೆಯ ಕೆಳಗಿನ ಮೂರು ಅಡಿಗೂ ಮಾತ್ರ ಎಪಾಕ್ಸಿ ಹಾಕುತ್ತೇವೆ. ಬಕೆಟ್ ನೀರು ಎರಚುವುದು, ಸೋಪು ನಿಲ್ಲುವುದು ಅಲ್ಲೇ. ಅದರ ಮೇಲಕ್ಕೆ ಅದೇ ಬಣ್ಣದ ಪಾಲಿಮರ್ ಬೆರೆತ ಸಿಮೆಂಟ್ ಗ್ರೌಟ್ ಸಾಕು. ಶವರ್ ಇರುವ ಗೋಡೆಗೆ ಮಾತ್ರ ತಲೆಯೆತ್ತರದವರೆಗೆ ಎಪಾಕ್ಸಿ.

ಇನ್ನು ಯಾರಿಗೆ ಬೇಡ ಅನ್ನುವುದು. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಟೈಲ್ಸನ್ನು ಒಂದಕ್ಕೊಂದು ಒತ್ತಿ ಕೂರಿಸಿ, ಮೇಲೆ ಬಿಳಿ ಸಿಮೆಂಟ್ ನೀರು ಸವರಿದ್ದಾರೆ. ಅಲ್ಲಿ ತುಂಬಲು ಸಂದೇ ಇಲ್ಲ. ಮಷಿನ್ ಹಾಕಿ ಸಂದು ಬಿಡಿಸಲು ಹೋದರೆ ಟೈಲ್ಸ್ ಚೂರಾಗುತ್ತದೆ. ಅಂಥ ಬಚ್ಚಲಿಗೆ ಈ ದುಡ್ಡು ದಂಡ. ಬಾಲ್ಕನಿ, ತಾರಸಿಯಂಥ ಬಿಸಿಲು ಬೀಳುವ ಕಡೆಗೂ ಬೇಡ, ಮಾಮೂಲಿ ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತದೆ. ಗೋಡೆ ನೆಲ ಕೂಡುವ ಮೂಲೆಗೆ, ಕಮೋಡ್ ಸುತ್ತ ಸಿಲಿಕೋನ್ ಹಾಕಿ. ಆ ಜಾಗಗಳು ಅಲುಗುತ್ತವೆ, ಕಲ್ಲಿನಂತೆ ಗಟ್ಟಿಯಾದ ಗ್ರೌಟ್ ಅಲ್ಲಿ ಬಿರುಕು ಬಿಡುತ್ತದೆ. ಮತ್ತೆ, ಈಶಾನ್ಯ ಮೂಲೆಯಲ್ಲಿ ಟಾಯ್ಲೆಟ್ ಇದ್ದರೆ ವಾಸ್ತು ನೋಡುವವರ ಮುಂದೆ ಯಾವ ಗ್ರೌಟೂ ನಡೆಯುವುದಿಲ್ಲ, ಅದು ಬೇರೆ ಮಾತು.

ಸೋರಿಕೆ ಇರುವ ಮನೆಯಾದರೆ ಗ್ರೌಟ್ ಡಬ್ಬ ತೆರೆಯುವ ಮುಂಚೆ ಪರೀಕ್ಷೆ ಮಾಡಿ. ನಹಾನಿ ಟ್ರ್ಯಾಪ್‌ಗೆ, ಅಂದರೆ ನೆಲದ ನೀರು ಹೊರಹೋಗುವ ತೂತಿಗೆ, ಬಟ್ಟೆ ಗಿಡಿದು, ನೆಲದ ಮೇಲೆ ಒಂದೆರಡು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ ಒಂದು ದಿನ ಬಿಡಿ. ಮಟ್ಟ ಎದ್ದು ಕಾಣುವಷ್ಟು ಇಳಿದರೆ, ಇಲ್ಲಾ ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾದರೆ, ನೀರು ನೆಲದಿಂದಲೋ ಟ್ರ್ಯಾಪ್ ಅಂಚಿನಿಂದಲೋ ಹೋಗುತ್ತಿದೆ. ಮಟ್ಟ ಹಾಗೇ ಇದ್ದು ಪಕ್ಕದ ಗೋಡೆ ಮಾತ್ರ ಶೀತ ಆಗುತ್ತಿದ್ದರೆ ಗೋಡೆಯೊಳಗಿನ ಪೈಪ್ ನೋಡಿಸಿ. ನೆಲದಡಿಯ ವಾಟರ್‌ಪ್ರೂಫಿಂಗ್ ಹೋಗಿದ್ದರೆ ಟೈಲ್ಸ್ ಕಿತ್ತು ಮಾಡಿಸದೆ ಬೇರೆ ದಾರಿ ಇಲ್ಲ. ಮೇಲಿನಿಂದ ಚೆಂದವಾಗಿ ಗ್ರೌಟ್ ತುಂಬಿ, ಹಿಂದಿನ ಗೋಡೆಗೆ ಪುಟ್ಟಿ ಪೇಂಟ್ ಬಳಿದು ಮಾರಿಬಿಡೋಣ ಅಂತ ಸಲಹೆ ಕೊಡುವವರು ಇದ್ದಾರೆ. ಬೇಡ. ತನಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ನಿನಲ್ಲೇ ಇದೆ. ಕಾಯ್ದೆ ಹಾಗಿರಲಿ, ಮೈಸೂರಿನಂಥ ಊರಲ್ಲಿ ಒಬ್ಬರಿಗೆ ಹಾಗೆ ಮಾರಿದರೆ ಮುಂದಿನ ಮನೆಗೆ ಬ್ರೋಕರ್ ಫೋನೇ ಎತ್ತುವುದಿಲ್ಲ.

ಕೊಳ್ಳುವಾಗ ಡಬ್ಬದ ಮೇಲಿನ ತಾರೀಕು ನೋಡಿ. ಒಂದು ಅಂಗಡಿಯಲ್ಲಿ ನಮಗೆ ವಾಯಿದೆ ಮುಗಿದದ್ದನ್ನು ಕಟ್ಟಿಕೊಟ್ಟಿದ್ದರು, ವಾಪಸ್ ತೆಗೆದುಕೊಳ್ಳಲು ಅರ್ಧ ಗಂಟೆ ವಾದ. 5 ಕೆಜಿಯ ಒಂದು ಡಬ್ಬಕ್ಕಿಂತ 1 ಕೆಜಿಯ ಎರಡು ಮೂರು ಡಬ್ಬ ತೆಗೆದುಕೊಳ್ಳಿ. ಕೆಜಿ ಲೆಕ್ಕದಲ್ಲಿ ಸ್ವಲ್ಪ ದುಬಾರಿ ಬೀಳಬಹುದು, ಆದರೆ ತೆರೆಯದೆ ಉಳಿದದ್ದು ಮುಂದಿನ ಮನೆಗೆ ಬರುತ್ತದೆ. ಬ್ಯಾಚ್ ಒಂದೇ ಇರಲಿ, ಇಲ್ಲದಿದ್ದರೆ ಬಣ್ಣ ಕೂದಲೆಳೆಯಷ್ಟು ಬೇರೆಯಾಗಬಹುದು. ಬಣ್ಣದಲ್ಲಿ ಅಚ್ಚ ಬಿಳಿ ನೆಲಕ್ಕೆ ಬೇಡ, ಬೂದಿ ಬಣ್ಣವೋ ಐವರಿಯೋ ಇರಲಿ. ಹಳೇ ಟೈಲ್ಸ್ ಸ್ವಲ್ಪ ಮಾಸಿರುತ್ತದೆ, ಪಕ್ಕದಲ್ಲಿ ಅಚ್ಚ ಬಿಳಿ ಗೆರೆ ಎಳೆದರೆ ಅದರ ಮಾಸಲು ಇನ್ನೂ ಎದ್ದು ಕಾಣುತ್ತದೆ.