ವಾರ್ಡ್‌ನಿಂದ ಶುರು ಮಾಡೋದಾ, ನೇರ ಲೋಕಸಭೆಗಾ?

ರಾಜಕೀಯಕ್ಕೆ ಇಳಿಯಬೇಕು ಅಂತಿರುವ ಹುಡುಗ ಹುಡುಗಿಯರಿಗೆ ಈ ಗೊಂದಲ ಇದ್ದೇ ಇರುತ್ತದೆ. ನನ್ನ ಮತ ವಾರ್ಡ್‌ಗೆ.

ಸುಮಿತ್ರಾ ಮಹಾಜನ್ ಅವರ ದಾರಿ ನೋಡಿ. 1982ರಲ್ಲಿ ಮಧ್ಯಪ್ರದೇಶದ ಇಂದೋರ್ ಪಾಲಿಕೆಗೆ ಸದಸ್ಯೆಯಾಗಿ ಬಂದರು. 1984ರಲ್ಲಿ ಉಪಮೇಯರ್. ಮರುವರ್ಷ ವಿಧಾನಸಭೆಗೆ ನಿಂತು ಸೋತರು. ಆದರೂ 1989ರಲ್ಲಿ ಮಾಜಿ ಮುಖ್ಯಮಂತ್ರಿ ಪ್ರಕಾಶ್ ಚಂದ್ರ ಸೇಠಿ ಅವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಇಂದೋರ್ ಕ್ಷೇತ್ರದಿಂದಲೇ ಸತತ ಎಂಟು ಸಲ ಗೆದ್ದರು, 2014ರಲ್ಲಿ ಲೋಕಸಭೆಯ ಸ್ಪೀಕರ್ ಆದರು. ಇಂದೋರಿನವರಿಗೆ ಅವರು ‘ತಾಈ’, ಅಂದರೆ ಮರಾಠಿಯಲ್ಲಿ ಅಕ್ಕ. ಆ ಸಲುಗೆ ಸುಮ್ನೆ ಬರೋದಿಲ್ಲ ಅಲ್ವಾ?

ಕಾರ್ಪೊರೇಟರ್ ಆಗಲು 21 ವರ್ಷ ಸಾಕು, ಲೋಕಸಭೆಗೆ 25 ಆಗಿರಬೇಕು. ವಾರ್ಡ್‌ನಲ್ಲಿ ಕಸ, ಚರಂಡಿ, ಬೀದಿದೀಪದ ಕೆಲಸ. ತಪ್ಪಿದರೆ ಜನ ಬೆಳಗ್ಗೆಯೇ ಮನೆ ಬಾಗಿಲಿಗೆ ಬರುತ್ತಾರೆ. ಎಂಪಿ ಕೆಲಸ ಬೇರೆ: ಕಾನೂನು, ಬಜೆಟ್, ಸರ್ಕಾರಕ್ಕೆ ಪ್ರಶ್ನೆ. ವರ್ಷಕ್ಕೆ 5 ಕೋಟಿ ರೂಪಾಯಿ ಸಂಸದರ ನಿಧಿ ಇದೆ. ಕೇಳಲು ದೊಡ್ಡದು. ಕರ್ನಾಟಕದಲ್ಲಿ ಒಂದು ಲೋಕಸಭಾ ಕ್ಷೇತ್ರದೊಳಗೆ ಎಂಟು ವಿಧಾನಸಭಾ ಕ್ಷೇತ್ರಗಳಿವೆ, ಹಂಚಿದರೆ ಜಾಸ್ತಿ ಉಳಿಯೋದಿಲ್ಲ.

ವಾರ್ಡ್ ದಾರಿಯ ತೊಂದರೆಯೂ ಇದೆ. ಮೀಸಲಾತಿ ಬದಲಾದರೆ ನಿಮ್ಮ ವಾರ್ಡ್ ಕೈತಪ್ಪಬಹುದು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕಾಯುವ ತಾಳ್ಮೆ, ಮನೆ ನಡೆಸಲು ಬೇರೆ ದುಡಿಮೆ, ಎರಡೂ ಇದ್ದರೆ ಮಾತ್ರ ಇಳಿಯಿರಿ.