ವೊತಾಕೊಯಿ: ಆಫೀಸ್ ಲವ್ ಕಾಮಿಕ್‌ನಲ್ಲಿ ದೊಡ್ಡವರ ಪ್ರೀತಿ ಎಷ್ಟು ನಿಜ?

ವೊತಾಕೊಯಿ ಪೂರ್ತಿ ಸೆಟ್ ಓದಿ ಮುಗೀತು. ಫುಜಿತಾ ಅನ್ನೋರು ಬರೆದು ಬಿಡಿಸಿರೋ ಮಾಂಗಾ, ಅಂದ್ರೆ ಜಪಾನಿ ಕಾಮಿಕ್ ಇದು, 2014ರಲ್ಲಿ ಪಿಕ್ಸಿವ್ ಅನ್ನೋ ಸೈಟಲ್ಲಿ ಹಾಕೋಕೆ ಶುರು ಮಾಡಿದ್ರು, ಆಮೇಲೆ ಪುಸ್ತಕವಾಗಿ ಬಂದು 2021ರಲ್ಲಿ 11ನೇ ಸಂಪುಟಕ್ಕೆ ಮುಗೀತು. ಇಂಗ್ಲಿಷಲ್ಲಿ ಕೊಡಾನ್ಶಾ ಅನ್ನೋ ಪ್ರಕಾಶಕರು ಎರಡೆರಡು ಸಂಪುಟ ಸೇರಿಸಿ ಒಟ್ಟು 6 ಪುಸ್ತಕ ಮಾಡಿದಾರೆ, ನಾನು ಓದಿದ್ದು ಅದನ್ನೇ. ಬಲದಿಂದ ಎಡಕ್ಕೆ ಓದ್ಬೇಕು, ಒಂದು ಇಪ್ಪತ್ತು ಪುಟದಲ್ಲಿ ಕಣ್ಣಿಗೆ ಅಭ್ಯಾಸ ಆಗುತ್ತೆ.

ಆಫೀಸ್ ಲವ್ ಸ್ಟೋರಿ ಅಂದ್ರೆ ನನಗೆ ಯಾವಾಗ್ಲೂ ಒಂದೇ ತಕರಾರು. ಇಪ್ಪತ್ತಾರು ವರ್ಷದವರು, ಸಂಬಳ ತಗೊಳ್ಳೋರು, ಬಾಡಿಗೆ ಕಟ್ಟೋರು, ಆದ್ರೆ ಕೈ ತಾಗಿದ್ರೆ ಸಾಕು ಹೈಸ್ಕೂಲ್ ಮಕ್ಕಳ ಥರ ಕೆಂಪಾಗಿ ಮೂರು ಸಂಪುಟ ಓಡಾಡ್ತಾರೆ. ವೊತಾಕೊಯಿ ಆ ಕಾಯ್ಸೋ ಆಟ ಆಡಲ್ಲ. ನರುಮಿ ಹೊಸ ಕಂಪನಿಗೆ ಸೇರ್ತಾಳೆ, ಅಲ್ಲಿ ಬಾಲ್ಯದ ಗೆಳೆಯ ಹಿರೊತಾಕಾ ಸಿಗ್ತಾನೆ, ಸಿಕ್ಕಿದವನೇ ಎಲ್ಲರೆದುರು ಕಾಮಿಕೆಟ್ ವಿಷಯ ಎತ್ತಿಬಿಡ್ತಾನೆ. ಕಾಮಿಕೆಟ್ ಅಂದ್ರೆ ಟೋಕಿಯೋದಲ್ಲಿ ವರ್ಷಕ್ಕೆ ಎರಡು ಸಲ ನಡೆಯೋ, ಅಭಿಮಾನಿಗಳೇ ಪ್ರಿಂಟ್ ಮಾಡಿದ ಕಾಮಿಕ್ಸ್ ಮಾರೋ ದೊಡ್ಡ ಸಂತೆ. ಅವಳಿಗೆ ಆ ಹುಚ್ಚು ಇದೆ ಅಂತ ಗೊತ್ತಾಗಿಯೇ ಹಳೇ ಆಫೀಸಿನ ಬಾಯ್‌ಫ್ರೆಂಡ್ ಬಿಟ್ಟು ಹೋಗಿರ್ತಾನೆ, ಅದಕ್ಕೆ ಹೊಸ ಜಾಗದಲ್ಲಿ ಮುಚ್ಚಿಡ್ಬೇಕು ಅಂತ ಅವಳ ಪ್ಲಾನು. ಆಮೇಲೆ ಇವಳು ಗೋಳು ಹೇಳ್ಕೋತಾಳೆ, ಅವನು ಹಾಗಾದ್ರೆ ನನ್ನ ಜೊತೆ ಇರು ಅಂತಾನೆ, ಇವಳು ಒಪ್ಕೋತಾಳೆ. ಮೊದಲ ಅಧ್ಯಾಯದಲ್ಲೇ ಜೋಡಿ ರೆಡಿ! ಇನ್ನುಳಿದ ಸಂಪುಟ ಎಲ್ಲಾ ಆಮೇಲಿನ ಕತೆ, ಮತ್ತೆ ದೊಡ್ಡವರ ಸಂಬಂಧದಲ್ಲಿ ಕಷ್ಟದ ಭಾಗ ಅದೇ ತಾನೇ.

ನನಗೆ ತುಂಬಾ ಹಿಡಿಸಿದ್ದು ಅವರಿಬ್ಬರು 'ನಾರ್ಮಲ್' ಡೇಟ್‌ಗೆ ಅಂತ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗೋ ಭಾಗ. ಗೇಮು, ಅನಿಮೆ (ಜಪಾನಿ ಕಾರ್ಟೂನು) ವಿಷಯ ಮಾತಾಡಂಗಿಲ್ಲ ಅಂತ ರೂಲ್ಸ್ ಹಾಕ್ಕೊಂಡಿರ್ತಾರೆ. ಆಗ ಗೊತ್ತಾಗುತ್ತೆ, ದಿನಾ ಸಂಜೆ ಪಕ್ಕಪಕ್ಕ ಕೂತು ಗೇಮ್ ಆಡೋ ಇವರಿಗೆ ಆ ಮಾತು ಬಿಟ್ರೆ ಬಾಯೇ ಬರಲ್ಲ ಅಂತ. ಹಿರೊತಾಕಾನ ಮುಖ ಯಾವಾಗ್ಲೂ ಒಂದೇ ಥರ ಬಿಡಿಸಿರ್ತಾರೆ, ಕನ್ನಡಕ, ನೇರ ಬಾಯಿ, ಖುಷಿನಾ ಬೇಜಾರಾ ಒಂದೂ ತಿಳಿಯಲ್ಲ, ನರುಮಿಗೂ ತಿಳಿಯಲ್ಲ. ಅವನಿಗೆ ಇವಳ ಮೇಲೆ ಚಿಕ್ಕಂದಿನಿಂದ ಇಷ್ಟ, ಇವಳು ನನ್ನನ್ನ ಬರೀ ಅನುಕೂಲಕ್ಕೆ ಅಂತ ಒಪ್ಕೊಂಡ್ಳಾ ಅನ್ನೋ ಅಳುಕು ಅವನೊಳಗೆ ಇದ್ದೇ ಇದೆ. ಅದನ್ನ ದೊಡ್ಡ ಡೈಲಾಗ್ ಹೊಡೆಸಿ ಹೇಳಿಸಲ್ಲ, ಮಾತಿಲ್ಲದ ಪ್ಯಾನೆಲ್‌ಗಳಲ್ಲಿ, ಅಂದ್ರೆ ಪುಟದ ಚಿತ್ರದ ಚೌಕಗಳಲ್ಲಿ, ಬಿಟ್ಟುಬಿಡ್ತಾರೆ. ಪ್ರೀತಿಸೋರು ಹೀಗೆ ಕೇಳಬೇಕಾದ್ದನ್ನ ಕೇಳದೆ ದಿನ ತಳ್ತಾರೆ, ಇದು ನೂರಕ್ಕೆ ನೂರು ನಿಜ.

ಆದ್ರೆ ಪುಸ್ತಕದ ಜೀವ ಇರೋದು ಇನ್ನೊಂದು ಜೋಡಿಯಲ್ಲಿ, ಕೊಯಾನಗಿ ಮತ್ತೆ ಕಬಾಕುರಾ. ಹೈಸ್ಕೂಲ್ ವಾಲಿಬಾಲ್ ದಿನದಿಂದ ಜೊತೆಗಿದ್ದು ಈಗ ಒಂದೇ ಆಫೀಸಲ್ಲಿ ಕೆಲಸ. ಕೊಯಾನಗಿ ಗಂಡಸರ ಪಾತ್ರದ ಕಾಸ್‌ಪ್ಲೇ ಮಾಡ್ತಾಳೆ, ಅಂದ್ರೆ ಆ ಪಾತ್ರದ ಥರ ವೇಷ ಹಾಕ್ಕೋತಾಳೆ, ಕಬಾಕುರಾ ಮೂಗಿನ ತುದೀಲಿ ಕೋಪ ಇಟ್ಕೊಂಡಿರೋ ಸೀನಿಯರ್, ಇಬ್ಬರೂ ಬಾಯಿಗೆ ಬಂದಂಗೆ ಕಿತ್ತಾಡ್ತಾರೆ, ಆದ್ರೆ ಯಾವ ಮಾತು ಆಡಿದ್ರೆ ನಿಜವಾಗ್ಲೂ ನೋವಾಗುತ್ತೆ ಅಂತ ಇಬ್ಬರಿಗೂ ಗೊತ್ತು, ಆ ಗೆರೆ ದಾಟಿದ ದಿನ ನಗು ಹಾಗೇ ನಿಂತುಹೋಗುತ್ತೆ, ನಾನು ಇವನಿಗೆ ಸಾಕಷ್ಟು ಹೆಣ್ಣಾಗಿ ಕಾಣ್ತೀನಾ ಅನ್ನೋ ಅವಳ ಸಂಕಟ ಆಗ ಹೊರಗೆ ಬರುತ್ತೆ. ವರ್ಷಗಟ್ಟಲೆ ಜೊತೆಗಿದ್ರೂ ಮತ್ತೆ ಮತ್ತೆ ಅದೇ ಪ್ರಶ್ನೆ. ಇಂಥಾ ಹಳೇ ಜೋಡಿ ನಮ್ಮ ಸ್ನೇಹಿತರಲ್ಲೇ ಒಂದಾದ್ರೂ ಇರುತ್ತೆ.

ಇನ್ನು ಸೋತಿರೋದು ಎಲ್ಲಿ ಅಂದ್ರೆ ಆಫೀಸಲ್ಲೇ. ಹನ್ನೊಂದು ಸಂಪುಟ ಓದಿದ್ರೂ ಈ ಕಂಪನಿಯಲ್ಲಿ ಕೆಲಸ ಅನ್ನೋದು ಹಿನ್ನೆಲೆ ಚಿತ್ರ ಅಷ್ಟೇ. ನಾಲ್ಕು ಜನ, ಎರಡು ಜೋಡಿ, ಒಂದೇ ಫ್ಲೋರು, ಆದ್ರೂ ಇದರಿಂದ ಯಾರ ಅಪ್ರೈಸಲ್ಲಿಗೂ ಏನೂ ಆಗಲ್ಲ. ಬೆಂಗಳೂರಿನ ಯಾವ ಆಫೀಸಲ್ಲಾದ್ರೂ ಹೀಗೊಂದು ಜೋಡಿ ಇದ್ರೆ ಮೊದಲು ಕ್ಯಾಂಟೀನಿಗೆ ಗೊತ್ತಾಗುತ್ತೆ, ಆಮೇಲೆ ಒಬ್ಬರು ಟೀಮ್ ಬದಲಾಯಿಸ್ಬೇಕಾ ಅನ್ನೋ ಮಾತು, ಜಾಸ್ತಿ ಸಲ ಬದಲಾಯಿಸೋದು ಹುಡುಗೀನೇ. ಮನೆಯವರ ಒತ್ತಡ, ದುಡ್ಡಿನ ಲೆಕ್ಕ, ದೈಹಿಕ ಸಾಮೀಪ್ಯ ಇದನ್ನೆಲ್ಲಾ ಬರೀ ಮೇಲ್ಮೇಲೆ ಮುಟ್ಟಿ ಬಿಟ್ಟಿದ್ದಾರೆ. ದೊಡ್ಡವರ ಕತೆ ಅಂದ್ಮೇಲೆ ಇಷ್ಟು ಮುಚ್ಚಿಡೋ ಅಗತ್ಯ ಇರ್ಲಿಲ್ಲ.

ಕೊರಿಯಾದ 'ಸೆಕ್ರೆಟರಿ ಕಿಮ್' ವೆಬ್‌ಟೂನ್ (ಆನ್‌ಲೈನ್ ಕಾಮಿಕ್) ಜೊತೆ ಇಟ್ಟು ನೋಡಿದ್ರೆ ಮಾತ್ರ ವೊತಾಕೊಯಿ ಎಷ್ಟು ನೆಲದ ಮೇಲಿದೆ ಅಂತ ಗೊತ್ತಾಗುತ್ತೆ. 2018ರಲ್ಲಿ ಸೀರಿಯಲ್ ಆಗಿ ಬಂತಲ್ಲ, ಅದೇ. ಒಂಬತ್ತು ವರ್ಷ ಬಾಸ್ ಹಿಂದೆ ದುಡಿದ ಮಿಸೋ ಕೆಲಸ ಬಿಡ್ತೀನಿ ಅಂತಾಳೆ, ನನಗೂ ನನ್ನದೇ ಒಂದು ಬದುಕು ಬೇಕು ಅಂತ. ಎಷ್ಟು ಗಟ್ಟಿ ಆರಂಭ ನೋಡಿ! ಆದ್ರೆ ಅವಳನ್ನ ಉಳಿಸ್ಕೊಳ್ಳೋಕೆ ಸಂಬಳ ಕೊಡೋನೇ ಮದುವೆ ಆಗೋಣ ಅಂದಾಗ ಅದು ಪ್ರೀತಿನಾ ಅಧಿಕಾರನಾ ಅಂತ ಕತೆ ಗಟ್ಟಿಯಾಗಿ ಕೇಳೋದೇ ಇಲ್ಲ. ನಮ್ಮಲ್ಲಿ ಕೆಲಸದ ಜಾಗದಲ್ಲಿ ಹೆಣ್ಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಆಫೀಸಲ್ಲೆಲ್ಲಾ ದೂರು ವಿಚಾರಿಸೋ ಇಂಟರ್ನಲ್ ಕಮಿಟಿ ಇರ್ಲೇಬೇಕು, ಅದರ ಟ್ರೈನಿಂಗ್‌ನಲ್ಲಿ ಕೂತು ಎದ್ದಿರೋರಿಗೆ ಬಾಸ್ ಹಿಂಗೆ ಬೆನ್ನುಬೀಳೋದು ರೊಮ್ಯಾನ್ಸ್ ಅನ್ನಿಸೋದು ಕಷ್ಟ. ವೊತಾಕೊಯಿಯ ಎರಡೂ ಜೋಡೀಲಿ ಹುಡುಗಿ ಬೇಡ ಅಂದ್ರೆ ಅವಳ ಕೆಲಸಕ್ಕೆ ಕುತ್ತು ಬರಲ್ಲ, ಅದಕ್ಕೇ ಅವರ ಜಗಳ ಓದೋಕೆ ಹಿತ.

ಹಿರೊತಾಕಾನ ತಮ್ಮ ನವೊಯಾನ ಕಾಲೇಜ್ ಕತೆ ಮುದ್ದಾಗಿದೆ, ಆದ್ರೆ ನಾನು ಹೇಳ್ತಿರೋ ವಿಷಯಕ್ಕೆ ಸೇರಲ್ಲ. ನಾಲ್ಕು ಪ್ಯಾನೆಲ್ಲಿನ ಚುಟುಕು ಸ್ಟ್ರಿಪ್ಪುಗಳಲ್ಲಿ ಗೇಮಿಂಗ್ ಜೋಕ್ ಜಾಸ್ತಿ, ಗೇಮ್ ಆಡದವರಿಗೆ ಕೆಲವು ಹತ್ತಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. 11 ಎಪಿಸೋಡಿನ ಅನಿಮೆ 2018ರಲ್ಲಿ ಬಂದಿದೆ, ಆದ್ರೆ ಅಷ್ಟರಲ್ಲೇ ನಿಲ್ಲಿಸ್ಬೇಡಿ, ಕೊಯಾನಗಿ ಕಬಾಕುರಾ ಪೂರ್ತಿ ಬೆಳೆಯೋದು ಪುಸ್ತಕದಲ್ಲೇ. ಆರೂ ಒಟ್ಟಿಗೆ ತಗೊಳ್ಳೋದು ಬೇಡ, ಮೊದಲೆರಡು ತಗೊಂಡು ನೋಡಿ, ಆ ಇಬ್ಬರ ಜಗಳ ನಿಮಗೆ ಹಿಡಿಸಿದ್ರೆ ಉಳಿದ ನಾಲ್ಕೂ ತಗೊಳ್ಳಿ.